ಚಳಿಭೈರ ಮರೆತ ಅಡುಗೆಮನೆ

ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಸೊಂಪಿನಕೋಟೆ ಎಂಬ ರಾಜ್ಯವಿತ್ತು. ಒಂದು ಮಾಗಿಯಲ್ಲಿ ಚಳಿಭೈರನೆಂಬ ಮಾಂತ್ರಿಕ ಅಲ್ಲಿಗೆ ಬಂದು, "ಹೊಲದಲ್ಲಿ, ತೋಟದಲ್ಲಿ, ಹಿತ್ತಲಲ್ಲಿ ಹಸುರೆಂಬುದು ಹುಟ್ಟದಿರಲಿ!" ಎಂದು ಶಾಪ ಹಾಕಿದ. ಅಂದದ್ದೇ ತಡ, ಎಲೆಯೆಲ್ಲ ಮಂಜುಗಡ್ಡೆಯಾಗಿ ಉದುರಿತು. ಸೊಪ್ಪು ಬೇಕಾದವರು ಅವನ ಗುಹೆಗೆ ಹೋಗಿ, "ಜೀವವಿರುವವರೆಗೆ ನಿನ್ನ ಆಳು" ಎಂದು ಆಣೆ ಇಡಬೇಕು. ಇಟ್ಟರೆ ಒಂದು ಕಟ್ಟು. ಸೊಪ್ಪೇನೋ ಮನೆಗೆ ಬರುತ್ತಿತ್ತು, ಹೋದವರು ಬರುತ್ತಿರಲಿಲ್ಲ. ಜನ ಹಸಿದಷ್ಟೂ ಚಳಿಭೈರ ಕೊಬ್ಬುತ್ತಿದ್ದ.

ಅದೇ ರಾಜ್ಯದಲ್ಲಿ ಬಾಳವ್ವ ತನ್ನ ಬಾಣಂತಿ ಅಕ್ಕ ತುಳಜವ್ವನ ಜೊತೆ ಇದ್ದಳು. ಅಕ್ಕನ ಎದೆಹಾಲು ಬತ್ತಿತ್ತು. ಕೂಸಿಗೆ ಅಳುವ ಶಕ್ತಿಯೂ ಉಳಿದಿರಲಿಲ್ಲ, ಸುಮ್ಮನೆ ಬಾಯಿ ತೆರೆಯುತ್ತಿತ್ತು. ಮೆಂತ್ಯದ ಕಾಳು ನುಂಗಿದ್ದಾಯಿತು, ಕಷಾಯ ಕುಡಿದದ್ದಾಯಿತು. ಹಸಿ ಮೆಂತ್ಯ ಸೊಪ್ಪೇ ಬೇಕು ಎಂದಿದ್ದಳು ಸೂಲಗಿತ್ತಿ.

"ನಾನ ಹೋಗಿ ಆಣಿ ಇಡ್ತೀನಿ ಬಾಳಿ. ಕೂಸು ಉಳಿದರ ಸಾಕು," ಅಂದಳು ಅಕ್ಕ.

"ನೀ ಹೋದರ ಹಾಲು ಯಾರು ಕುಡಸ್ತಾರ? ಕುಂದ್ರು ಸುಮ್ನ. ಅವ ಹೊಲಕ್ಕ ಶಾಪ ಹಾಕ್ಯಾನ, ತ್ವಾಟಕ್ಕ ಹಾಕ್ಯಾನ. ನಮ್ಮ ಒಲಿಗೆ ಹಾಕಿಲ್ಲ. ನಾ ಇಲ್ಲೇ ಬೆಳಿತೀನಿ."

ನಿಜವೇ. ಜನ್ಮದಲ್ಲಿ ಅಡುಗೆಮನೆ ಹೊಕ್ಕವನಲ್ಲ ಚಳಿಭೈರ. ಅಲ್ಲೂ ಏನಾದರೂ ಹುಟ್ಟೀತೆಂದು ಅವನಿಗೆ ಹೊಳೆದೇ ಇರಲಿಲ್ಲ.

ಮೊದಲು ಬೀಜವೇ ಹಟ ಹಿಡಿಯಿತು. ಆ ಚಳಿಗೆ ಮೆಂತ್ಯ ಮೊಳೆಯಲೊಲ್ಲದು. ಬಾಳವ್ವ ಅದನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಹೊಟ್ಟೆಗೆ ಬಿಗಿದುಕೊಂಡಳು. ಮೈಬಿಸಿಗೆ ಬೀಜ ಕಣ್ಣು ಬಿಟ್ಟಿತು. ಒಡಕು ಮಡಕೆಗೆ ಗೊಬ್ಬರದ ಮಣ್ಣು ತುಂಬಿ, ಬಿತ್ತಿ, ಒಲೆಯ ಬದಿಗಿಟ್ಟಳು.

ಸುದ್ದಿ ಮುಟ್ಟಿ ಚಳಿಭೈರ ಬೆವರಿದ. ತಾನು ಕೊಡದ ಸೊಪ್ಪಿನಿಂದ ಒಂದೇ ಒಂದು ಹೊಟ್ಟೆ ತುಂಬಿದರೂ ಅವನ ಕತೆ ಮುಗಿದಂತೆ. ಬಂಡಿಗಾತ್ರದ ಗೂಗೆಯೊಂದನ್ನು ಕಳಿಸಿದ. ಅದು ಮಾಳಿಗೆಯ ಮೇಲೆ ಕುಳಿತು ಬೆಳಕಿಂಡಿಗೆ ರೆಕ್ಕೆ ಹೊದಿಸಿತು. ಬಿಸಿಲಿಲ್ಲದೆ ಸಸಿಗಳು ಬಿಳಿಚಿ ವಾಲಿದವು.

"ಗೂಗಪ್ಪಾ, ಬೆಳಕು ಬಿಡೋ."

"ಬಿಡೆನು. ಧಣಿಯ ಅಪ್ಪಣೆ."

"ಹಂಗಾದರ ನಮ್ಮನಿ ಒಗ್ಗರಣಿ ಮೂಸಿ ಹೋಗು."

ಬಾಳವ್ವ ಅಕ್ಕನನ್ನೂ ಕೂಸನ್ನೂ ಒಳಕೋಣೆಗೆ ಕಳಿಸಿ, ಕೆಂಡದ ಮೇಲೆ ಒಣಮೆಣಸಿನಕಾಯಿ ಸುರಿದಳು. ಘಾಟು ಬೆಳಕಿಂಡಿಗೆ ಏರಿತು. ಗೂಗೆ ಸೀನಿ ಸೀನಿ, ಅರ್ಧ ಗರಿ ಅಲ್ಲೇ ಉದುರಿಸಿ, ಬೆಟ್ಟ ದಾಟಿ ಹಾರಿತು. ಅಂದಿನಿಂದ ಅವಳು ಬಿಸಿಲು ಸರಿದತ್ತ ಮಡಕೆ ಸರಿಸುತ್ತ ಅದರ ಪಕ್ಕದಲ್ಲೇ ಕುಳಿತಳು.

ಎಲೆಗಳು ಹಸುರಾಗಿ ಬೆರಳುದ್ದ ಬಂದ ದಿನ ಚಳಿಭೈರ ತಾನೇ ಬಂದ. ಅವನು ಬಾಗಿಲು ನೂಕಿದ ಕೂಡಲೇ ಒಲೆ ಆರಿತು.

"ಆಣೆ ಇಡ್ತೀಯೋ, ಸೊಪ್ಪಿಗೆ ಮಂಜು ಊದಲೋ?"

ಬಾಳವ್ವ ಹೆದರಲಿಲ್ಲ ಅಂದರೆ ಸುಳ್ಳಾದೀತು. ಆದರೆ ಬೆನ್ನ ಹಿಂದೆ ಅಕ್ಕನ ಮಡಿಲಲ್ಲಿ ಕೂಸು ಬಾಯಿ ತೆರೆಯುತ್ತಲೇ ಇತ್ತು.

"ಊದು," ಅಂದಳು.

ಅಂದವಳೇ ಮಡಕೆಯ ಮೇಲೆ ಬಗ್ಗಿ ಬೆನ್ನು ಕೊಟ್ಟಳು. ಅವನು ಊದಿದ. ಅವಳ ಜಡೆ ಬೆಳ್ಳಗಾಯಿತು, ಬೆರಳು ಮರಗಟ್ಟಿದವು. ಅವನು ಮತ್ತೊಮ್ಮೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಬಾಳವ್ವ ಕೊಯ್ಯದೆ, ತೊಳೆಯದೆ, ಸೊಪ್ಪನ್ನು ಬೇರುಸಹಿತ ಕಿತ್ತು ಅಕ್ಕನ ಬಾಯಿಗೆ ತುರುಕಿದಳು.

"ಅಗಿ ಅಕ್ಕಾ!"

ತುಳಜವ್ವ ಮಣ್ಣುಸಮೇತ ಅಗಿದಳು. ಕಹಿಗೆ ಕಣ್ಣೀರು ಬಂತು, ಹಾಲೂ ಬಂತು. ಕೂಸು ಗುಟುಕು ಗುಟುಕಾಗಿ ಕುಡಿಯತೊಡಗಿತು. ಒಂದೊಂದು ಗುಟುಕಿಗೂ ಚಳಿಭೈರ ಒಂದೊಂದು ಗೇಣು ಕುಗ್ಗಿದ. ಕೊನೆಗೆ ಹೊಸ್ತಿಲಲ್ಲಿ ಒಂದಿಷ್ಟು ನೀರಾಗಿ ಉಳಿದ. ಬಾಳವ್ವ ಅದನ್ನು ಬಟ್ಟೆಯಿಂದ ಒರೆಸಿ ಬೀದಿಗೆ ಹಿಂಡಿದಳು.

ಆಣೆಯಿಟ್ಟವರೆಲ್ಲ ಮನೆಗೆ ಮರಳಿದರು. ಹೊಲ ಚಿಗುರಿತು. ಬಾಳವ್ವನನ್ನು ಮೆರವಣಿಗೆಯಲ್ಲಿ ಕರೆತರಲು ರಾಜ ಆನೆ, ಡೋಲು ಎಲ್ಲ ಕಳಿಸಿದ. ಅವಳು ಬಾಗಿಲಿಗೆ ಬಂದು ಬಾಯಿಯ ಮೇಲೆ ಬೆರಳಿಟ್ಟಳು.

"ಡೋಲು ನಿಲ್ಲಸ್ರೀ. ಕೂಸು ಈಗ ಮಲಗೇತಿ."

ಡೋಲು ನಿಂತಿತು. ಮುಂದೆ ಆ ರಾಜ್ಯದವರೆಲ್ಲ ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ ಸುಖವಾಗಿದ್ದರು.