ಅರವತ್ತು ನಲವತ್ತು

ಇಬ್ಬರೂ ಜೊತೆಗೆ ಮನೆ ಮಾಡುವುದೆಂದು ತೀರ್ಮಾನವಾದ ದಿನ ಅವನಿಗೆ ಪ್ರೀತಿ ಉಕ್ಕಿ ಬಂದದ್ದು ನಿಜ. ಆದರೆ ಅದಕ್ಕಿಂತ ಒಂದು ಗಳಿಗೆ ಮೊದಲೇ ಉಕ್ಕಿ ಬಂದದ್ದು ಭಾಗಾಕಾರ. ಬಾಡಿಗೆ ಅರ್ಧ, ಕರೆಂಟು ಅರ್ಧ, ಗ್ಯಾಸು ಅರ್ಧ. ಹನ್ನೊಂದು ವರ್ಷ ಒಂಟಿಯಾಗಿದ್ದು ಎಲ್ಲ ಬಿಲ್ಲನ್ನೂ ಪೂರ್ತಿ ಕಟ್ಟಿದವನಿಗೆ ಈ ಅರ್ಧ ಎನ್ನುವ ಮಾತು ಎಷ್ಟು ಸಲ ಹೇಳಿಕೊಂಡರೂ ಸಾಕಾಗುತ್ತಿರಲಿಲ್ಲ.

ಸಾಮಾನು ಸಾಗಿಸುವ ಹಿಂದಿನ ಭಾನುವಾರ ಅವಳು ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ಹಿಡಿದು ಎದುರು ಕೂತಳು.

"ನಿನ್ನ ಸಂಬಳ ಮೂವತ್ತಾರು ಸಾವಿರ, ನಂದು ಇಪ್ಪತ್ನಾಲ್ಕು. ಸಂಬಳಕ್ಕೆ ತಕ್ಕ ಹಾಗೆ ಹಾಕೋಣ. ನೂರಕ್ಕೆ ಅರವತ್ತು ನಿಂದು, ನಲವತ್ತು ನಂದು. ನಾಳೆ ನನ್ನ ಸಂಬಳ ಏರಿದ್ರೆ ನನ್ನ ಪಾಲೂ ಏರುತ್ತೆ. ನ್ಯಾಯ ತಾನೆ?"

"ನ್ಯಾಯವೇ," ಎಂದ ಅವನು. ಹಾಗೆನ್ನುವಾಗಲೇ ಇದು ಹೆಚ್ಚು ದುಡಿದದ್ದಕ್ಕೆ ಹಾಕಿದ ದಂಡ ಎಂದು ಅವನಿಗೆ ಅನ್ನಿಸಿತು. ಇಬ್ಬರಿಗೂ ಒಂದೇ ಬಾಗಿಲು, ಒಂದೇ ನಲ್ಲಿ, ಒಂದೇ ಫ್ಯಾನು. ಅವಳಿಗೇನು ಗಾಳಿ ಕಡಿಮೆ ಬೀಸುತ್ತದೆಯೇ? ಬೆಳಗ್ಗೆ ಅವನು ನಾಲ್ಕು ಮೊಟ್ಟೆ ತಿನ್ನುವಾಗ ಅವಳು ಒಂದು ತಿನ್ನುತ್ತಾಳೆ ಎಂಬುದು ಮಾತ್ರ ಈ ವಿಚಾರಣೆಯಲ್ಲಿ ಸಾಕ್ಷಿಯಾಗಿ ಬರಲಿಲ್ಲ.

ಅವನು ಕೆಲಸ ಮಾಡುತ್ತಿದ್ದದ್ದು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಬಿಲ್ ಪುಸ್ತಕ, ರಸೀದಿ ಪುಸ್ತಕ, ಮದುವೆ ಕಾರ್ಡು, ವಿಸಿಟಿಂಗ್ ಕಾರ್ಡು, ಎಲ್ಲದರ ಪುಟ ಜೋಡಿಸುವವನೂ ಅವನೇ, ಮೆಷಿನ್ ಓಡಿಸುವವನೂ ಅವನೇ. ಕೂದಲೆಳೆಯಷ್ಟು ಗೆರೆ ವಾಲಿದರೂ ಹಾಳೆ ಹರಿದು ಹಾಕುತ್ತಿದ್ದನಾದ್ದರಿಂದ ಪ್ರೆಸ್ಸಿನವರು ಅವನಿಗೆ ಅಚ್ಚುಕಟ್ಟಪ್ಪ ಎಂದು ಹೆಸರಿಟ್ಟಿದ್ದರು. ಆ ಹೆಸರಿನಲ್ಲಿರುವ ಗೇಲಿ ಅವನಿಗೆ ಯಾವತ್ತೂ ಕೇಳಿಸಲಿಲ್ಲ.

ಅವಳು ಒಂದು ಔಷಧಿ ಅಂಗಡಿಯಲ್ಲಿದ್ದಳು. ಊರಲ್ಲೆಲ್ಲ ಹತ್ತು ಹನ್ನೆರಡು ಶಾಖೆಗಳಿರುವ ಕಂಪನಿಯ ಅಂಗಡಿ. ದಿನವಿಡೀ ಮಾತ್ರೆಯ ಪಟ್ಟಿಗಳನ್ನು ಬೆಳಕಿಗೆ ಹಿಡಿದು, ಅವಧಿ ಮುಗಿದದ್ದನ್ನು ಬೇರೆ ಮಾಡಿ ಇಡುವುದು ಅವಳ ಕೆಲಸ. ಮನೆಗೆ ಬಂದರೂ ಕೈ ಸುಮ್ಮನಿರುತ್ತಿರಲಿಲ್ಲ. ಬಿಸ್ಕತ್ತಿನ ಪೊಟ್ಟಣ ತಂದರೆ ಅದನ್ನು ತಿರುಗಿಸಿ ನೋಡಬೇಕು, ಸಾಸಿನ ಬಾಟಲಿ ತಂದರೆ ಬುಡ ಎತ್ತಿ ನೋಡಬೇಕು.

"ವಿಷ ಹಾಕಿ ಕೊಲ್ಲೋದಿದ್ರೆ ಹೊಸ ಬಿಸ್ಕತ್ತಿಗೇ ಹಾಕ್ತೀನಿ, ಬಿಡು," ಎಂದು ಅವನು ಕಿಚಾಯಿಸುತ್ತಿದ್ದ. ಅವಳು ನಗುತ್ತಲೇ ಓದಿ ಮುಗಿಸುತ್ತಿದ್ದಳು.

ಮನೆ ಹುಡುಕಿದ್ದು ಅವನು. ಎರಡು ಕೋಣೆ, ಒಂದು ಅಡಿಗೆಮನೆ, ಬಟ್ಟೆ ಒಣಗಿಸಲು ಅಂಗೈಯಗಲದ ಬಾಲ್ಕನಿ. ಮಾಲೀಕರು ನಿವೃತ್ತ ಹಲ್ಲಿನ ಡಾಕ್ಟರು, ಎರಡು ಬೀದಿ ಆಚೆಗಿದ್ದರು. ಜನರ ಬಾಯಿ ನೋಡಿ ನೋಡಿ ಸಾಕಾಗಿ ಈಗ ಮುಖ ನೋಡುವುದನ್ನೂ ಬಿಟ್ಟಿದ್ದರು. ಒಂದನೇ ತಾರೀಕು ಒಬ್ಬನೇ ಬಂದು ನಗದು ಕೊಟ್ಟು ಹೋಗಬೇಕು, ಅಷ್ಟೇ. ಕರಾರು ಇಲ್ಲ, ರಸೀದಿ ಇಲ್ಲ, ಕೂತುಕೊಳ್ಳಿ ಎನ್ನುವ ಮಾತೂ ಇಲ್ಲ. ಬಾಡಿಗೆ ಹದಿನೈದು ಸಾವಿರ.

ಅವನು ಅವಳಿಗೆ ಹೇಳಿದ್ದು ಇಪ್ಪತ್ತು.

ಬಾಯಿತಪ್ಪಿ ಬಂದ ಮಾತಲ್ಲ ಅದು. ಎರಡು ದಿನ ಮೆಷಿನ್ ಮುಂದೆ ನಿಂತು ಲೆಕ್ಕ ಹಾಕಿದ್ದ. ಇಪ್ಪತ್ತರಲ್ಲಿ ಅವಳ ಪಾಲು ಎಂಟು. ಅವಳ ಎಂಟಕ್ಕೆ ತನ್ನದು ಏಳು ಸೇರಿಸಿದರೆ ಡಾಕ್ಟರ ಹದಿನೈದು ಮುಗಿಯಿತು. ಸರಿಯಾದ ಅರ್ಧ ಏಳೂವರೆ. ಅದಕ್ಕಿಂತ ಐನೂರು ಕಡಿಮೆ ಕೊಟ್ಟಂತಾಯಿತು. ಆ ಐನೂರು ತನಗಾದ ಅವಮಾನಕ್ಕೆ ಪರಿಹಾರ. ಪರಿಹಾರದ ಮೊತ್ತ ಇಷ್ಟು ಹಿತಮಿತವಾಗಿರುವುದನ್ನು ಕಂಡು ತಾನು ಎಷ್ಟು ಒಳ್ಳೆಯವನು ಎಂದು ಅವನಿಗೆ ಅನ್ನಿಸಿತು.

ಮೊದಲ ತಿಂಗಳು ಅವಳ ಎಂಟು ಸಾವಿರವನ್ನು ಎಣಿಸದೆಯೇ ಜೇಬಿಗಿಳಿಸಿದ. ಮೂರನೆಯ ತಿಂಗಳಿಗೆ ಅದು ನೀರು ಕುಡಿದಷ್ಟು ಸುಲಭವಾಯಿತು. ಅರವತ್ತು ನಲವತ್ತರ ಪ್ರಕಾರ ತಾನು ನಿಜವಾಗಿ ಕೊಡಬೇಕಿದ್ದದ್ದು ಒಂಬತ್ತು ಸಾವಿರ. ಅದರಲ್ಲಿ ಉಳಿಯುತ್ತಿದ್ದ ಎರಡು ಸಾವಿರವನ್ನು ಪ್ರೆಸ್ಸಿನಲ್ಲಿ ಒಂದು ಖಾಲಿ ಇಂಕಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದ. ಅದರಿಂದ ಏನು ಕೊಳ್ಳಬೇಕೆಂದು ಅವನಿಗೂ ಗೊತ್ತಿರಲಿಲ್ಲ. ಆಗಾಗ ಮುಚ್ಚಳ ತೆಗೆದು ನೋಡಿದರೆ ಸಾಕು, ಆ ದಿನ ಚೆನ್ನಾಗಿ ಹೋಗುತ್ತಿತ್ತು.

ಅಪಾಯ ಬಂದದ್ದು ಒಂದೇ ಸಲ. ಅವಳ ಅಕ್ಕ ಮನೆ ನೋಡಲು ಬಂದವಳು ಕೋಣೆ ಕೋಣೆ ಸುತ್ತಿ, ನಲ್ಲಿ ತಿರುಗಿಸಿ, ಗೋಡೆ ತಟ್ಟಿ, ಕೊನೆಗೆ ಬಾಲ್ಕನಿಯಲ್ಲಿ ನಿಂತು ಹೇಳಿದಳು.

"ಇದಕ್ಕೆ ಇಪ್ಪತ್ತಾ? ನಮ್ಮ ಕಡೆ ಇಂಥಾದ್ದು ಹದಿನೈದಕ್ಕೆ ಸಿಗುತ್ತಪ್ಪ."

"ಅಕ್ಕ, ಗಾಳಿ ನೋಡಿ, ಬೆಳಕು ನೋಡಿ," ಎಂದ ಅವನು. "ಹದಿನೆಂಟಕ್ಕೆ ಇಳಿಸಿ ಅಂತ ನಾನು ಎಷ್ಟು ಕೇಳಿಕೊಂಡೆ ಗೊತ್ತಾ? ಆ ಮನುಷ್ಯ ಒಂದು ಪೈಸೆ ಬಿಡಲಿಲ್ಲ."

"ಸುಮ್ನಿರಕ್ಕ, ಪಾಪ, ಹೆಚ್ಚು ಕೊಡ್ತಿರೋದು ಅವನೇ," ಎಂದಳು ಅವಳು.

ಆ 'ಪಾಪ' ಅವನ ಕಿವಿಯಲ್ಲಿ ಬಹಳ ಹೊತ್ತು ಇತ್ತು. ಅದು ತನಗೆ ಸಲ್ಲಬೇಕಾದದ್ದೇ ಎಂದು ಅವನು ಇಟ್ಟುಕೊಂಡ.

ಎಂಟು ಸಾವಿರ ಹೊಂದಿಸಲು ಅವಳು ಬಸ್ಸು ಬಿಟ್ಟು ನಡೆಯತೊಡಗಿದ್ದಳು, ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ. ಚಪ್ಪಲಿಯ ಹಿಮ್ಮಡಿ ಸವೆದು ಒಂದು ಕಡೆಗೆ ವಾಲಿತ್ತು. ಅವನ ಕಣ್ಣಿಗೆ ಅದು ಬೀಳದೆ ಇರಲಿಲ್ಲ, ವಾಲಿದ್ದು ಬೀಳದ ಕಣ್ಣೇ ಅಲ್ಲ ಅವನದು. ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಎಂದುಕೊಂಡು ಬೇರೆ ಕಡೆ ನೋಡಿದ.

ಜುಲೈ ಮೊದಲ ವಾರ ಅವಳು ಬೇಗ ಮನೆಗೆ ಬಂದಳು. ಮುಖ ಅರಳಿತ್ತು.

"ನನ್ನನ್ನ ಶಾಖೆಯ ಉಸ್ತುವಾರಿ ಮಾಡ್ತಾರಂತೆ. ಸಂಬಳ ಎರಡು ಸಾವಿರ ಜಾಸ್ತಿ. ಅದಲ್ಲದೆ ಬಾಡಿಗೆಯ ಅರ್ಧ ಕಂಪನಿ ಕೊಡುತ್ತಂತೆ. ಜನವರಿಯಿಂದ ಜೂನ್‌ವರೆಗಿನ ರಸೀದಿ ಕೊಡ್ಬೇಕು, ಅಷ್ಟೇ. ಡಾಕ್ಟರ ಹತ್ರ ಇಸ್ಕೊಂಡಿದ್ದೀಯಲ್ಲ?"

ಅವನು ಯೋಚಿಸುವ ಮೊದಲೇ ಬಾಯಿ ಅಭ್ಯಾಸಬಲದಿಂದ ಮುಂದೆ ಹೋಗಿತ್ತು. "ಇದೆ, ಪ್ರೆಸ್ಸಲ್ಲಿ ನನ್ನ ಡ್ರಾಯರಲ್ಲಿದೆ. ಭಾನುವಾರ ತರ್ತೀನಿ."

ಅವಳು ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಕೊನೆಯಲ್ಲಿ ಒಂದು ಎಚ್ಚರಿಕೆ ಇತ್ತು. ಕೊಟ್ಟ ದಾಖಲೆ ಸುಳ್ಳೆಂದು ಕಂಡುಬಂದರೆ ಕೆಲಸದಿಂದ ತೆಗೆಯಲಾಗುವುದು. ಅದರ ಕೆಳಗೆ ಅವಳು ಆಗಲೇ ಸಹಿ ಮಾಡಿದ್ದಳು. ಅವನು ಅದನ್ನು ಎರಡು ಸಲ ಓದಿದ. ಸುಳ್ಳೆಲ್ಲಿದೆ? ಮನೆ ನಿಜ, ಡಾಕ್ಟರು ನಿಜ, ಬಾಡಿಗೆ ಕೊಟ್ಟದ್ದು ನಿಜ. ಇಪ್ಪತ್ತರಲ್ಲಿ ಹದಿನೈದು ಸಾವಿರದಷ್ಟು ಸತ್ಯವೇ ಇದೆ. ಇಷ್ಟು ಸತ್ಯ ಎಷ್ಟು ದಾಖಲೆಗಳಲ್ಲಿ ಇರುತ್ತದೆ ಎಂದು ಅವನು ಸಮಾಧಾನ ಮಾಡಿಕೊಂಡ.

ಶನಿವಾರ ಮಧ್ಯಾಹ್ನ ಪ್ರೆಸ್ಸಿನ ಯಜಮಾನರು ಊಟಕ್ಕೆ ಮನೆಗೆ ಹೋದಾಗ ಡಾಕ್ಟರ ಹೆಸರಿನ ರಸೀದಿ ಪುಸ್ತಕವೊಂದನ್ನು ಅಚ್ಚು ಹಾಕಲು ಕೂತ. ನಿಜಕ್ಕೂ ಅವನ ಬಾಳಿನ ಅತ್ಯುತ್ತಮ ಕೆಲಸ ಅದು. ಡಾಕ್ಟರಿಗೆ ಒಟ್ಟು ಮೂರು ಬಾಡಿಗೆ ಮನೆ ಇದ್ದವು. ಹಾಗಾದರೆ ತಮ್ಮ ಮನೆಯ ರಸೀದಿಗಳ ಸಂಖ್ಯೆ ಸಾಲಾಗಿ ಬರಬಾರದು, ಎರಡೆರಡು ಬಿಟ್ಟು ಬರಬೇಕು. ಒಂದರಿಂದ ಶುರುವಾದರೂ ಅನುಮಾನ. ಮೂವತ್ತೇಳು, ನಲವತ್ತು, ನಲವತ್ಮೂರು, ಹೀಗೆ ಆರು ಹಾಳೆ ಆರಿಸಿದ. ನಾಲ್ಕು ತಿಂಗಳಿಗೆ ನೀಲಿ ಪೆನ್ನು, ಎರಡಕ್ಕೆ ಕಪ್ಪು. ಡಾಕ್ಟರ ಸಹಿ ಹಳೆಯದೊಂದು ಔಷಧಿ ಚೀಟಿಯಲ್ಲಿ ಸಿಕ್ಕಿತ್ತು. ನಲವತ್ತು ಸಲ ಗೀಚಿ ಅಭ್ಯಾಸ ಮಾಡಿದ. ಫೆಬ್ರವರಿಯ ರಸೀದಿಗೆ ಕಾಫಿ ಲೋಟದ ಅಚ್ಚು ಬೀಳಿಸಿದ. ಏಪ್ರಿಲಿನದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಅಂಗಡಿ ಬೀದಿ ಒಂದು ಸುತ್ತು ಹಾಕಿ ಬಂದ.

ಹಾಳೆಯ ತಳದಲ್ಲಿ ಪ್ರೆಸ್ಸಿನ ಸಾಲು ಬಿದ್ದಿತ್ತು. ಅದು ಯಜಮಾನರ ಕಟ್ಟುನಿಟ್ಟು. ಪ್ರೆಸ್ಸಿನ ಹೆಸರು, ಫೋನ್ ನಂಬರು ಮುಂತಾದ ವಿವರದ ಸಾಲಿಲ್ಲದೆ ಒಂದು ಹಾಳೆಯೂ ಬಾಗಿಲು ದಾಟಬಾರದು. ಪ್ರತಿ ಒಂದನೇ ತಾರೀಕು ಆ ಸಾಲನ್ನು ಹೊಸದು ಮಾಡಿ ಕಂಪ್ಯೂಟರಿನಲ್ಲಿ ಇಡುವುದು ಅವನದೇ ಕೆಲಸ, ಆಮೇಲೆ ತಿಂಗಳೆಲ್ಲ ಅದು ತಾನಾಗಿ ಬಂದು ಕೂರುತ್ತಿತ್ತು. ತೆಗೆದುಹಾಕಲೇ ಎಂದು ಅರೆಗಳಿಗೆ ಯೋಚಿಸಿದ. ಬೇಡ. ಡಾಕ್ಟರು ತಮ್ಮ ಪ್ರೆಸ್ಸಿನ ಗಿರಾಕಿ, ಮನೆ ಸಿಕ್ಕಿದ್ದೇ ಹಾಗೆ ಎಂದು ಅವಳಿಗೆ ಮೊದಲೇ ಹೇಳಿಯಾಗಿತ್ತು. ಸಾಲು ಇರುವುದೇ ಸಹಜ. ಕಳ್ಳರು ಸಿಕ್ಕಿಬೀಳುವುದು ಇಂಥ ಸಾಲನ್ನು ಬಿಡುವುದರಿಂದ. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡು ಮೆಷಿನ್ ಆರಿಸಿದ.

ಭಾನುವಾರ ಬೆಳಗ್ಗೆ ಮೊಟ್ಟೆ ತಿಂದು ಮುಗಿಸಿ ಆರೂ ರಸೀದಿಗಳನ್ನು ಮೇಜಿನ ಮೇಲೆ ಇಟ್ಟ. ಅವಳು ಕೈ ಒರೆಸಿಕೊಂಡು ಬಂದು, ಅದೇ ನೋಟ್‌ಬುಕ್ಕು, ಅದೇ ಪೆನ್ಸಿಲು ಹಿಡಿದು ಎದುರು ಕೂತಳು.

"ಒಂದು ಲೆಕ್ಕ ನೋಡ್ದೆ," ಎಂದಳು. "ಸಂಬಳದ್ದು ಎರಡು, ಬಾಡಿಗೆದು ಹತ್ತು. ನನ್ನ ಇಪ್ಪತ್ನಾಲ್ಕಕ್ಕೆ ಹನ್ನೆರಡು ಸೇರಿದ್ರೆ ಮೂವತ್ತಾರು. ನಿನ್ನಷ್ಟೇ ಆಯ್ತು. ಬರೋ ತಿಂಗಳಿಂದ ಎಲ್ಲ ಅರ್ಧ ಅರ್ಧ. ಅವತ್ತು ನಿನಗೆ ಮನಸ್ಸಿರಲಿಲ್ಲ, ನನಗೆ ಗೊತ್ತಾಯ್ತು. ಆರು ತಿಂಗಳು ಬಾಯಿ ಬಿಡದೆ ಹೆಚ್ಚು ಕೊಟ್ಟೆಯಲ್ಲ, ಅದನ್ನ ನಾನು ಮರೆಯಲ್ಲ."

ಅವನಿಗೆ ನಿಜವಾಗಿ ನಾಚಿಕೆಯಾಯಿತು. ಆ ನಾಚಿಕೆ ಉಸಿರು ಬಿಟ್ಟು ಎಳೆದುಕೊಳ್ಳುವಷ್ಟು ಹೊತ್ತು ಇತ್ತು. ಅಷ್ಟರಲ್ಲಿ ಹೊಸ ಲೆಕ್ಕ ಬಂದು ಅದನ್ನು ಪಕ್ಕಕ್ಕೆ ತಳ್ಳಿತು. ಇಪ್ಪತ್ತರಲ್ಲಿ ಅರ್ಧವೆಂದರೆ ಅವಳು ಕೊಡುವುದು ಹತ್ತು. ಡಾಕ್ಟರಿಗೆ ಹದಿನೈದು. ಹಾಗಾದರೆ ತನ್ನ ಕೈಯಿಂದ ಹೋಗುವುದು ಬರೀ ಐದು ಸಾವಿರ. ಇಂಕಿನ ಡಬ್ಬಿ ಸಾಲದು, ದೊಡ್ಡದೇ ಬೇಕು ಎಂದು ಅವನು ಯೋಚಿಸುತ್ತಿದ್ದ.

ಅವಳು ಮೊದಲನೆಯ ರಸೀದಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಮೊತ್ತ ನೋಡಲಿಲ್ಲ, ಸಹಿ ನೋಡಲಿಲ್ಲ, ಕಣ್ಣು ನೇರ ತಳಕ್ಕೆ, ಎಲ್ಲಕ್ಕಿಂತ ಸಣ್ಣ ಅಕ್ಷರಗಳಿಗೆ ಇಳಿಯಿತು. "ಇದು ಜನವರಿದು ತಾನೆ?" ಎಂದಳು. ಹೌದು ಎಂದ. ಅವಳು ಎರಡನೆಯದನ್ನು ಎತ್ತಿದಳು, ಮೂರನೆಯದನ್ನು ಎತ್ತಿದಳು, ಆರನ್ನೂ ಓದಿ ಸಾಲಾಗಿ ಜೋಡಿಸಿದಳು. ಅವಧಿ ಮುಗಿದ ಪಟ್ಟಿಗಳನ್ನು ಅಂಗಡಿಯಲ್ಲಿ ಹೀಗೇ ಜೋಡಿಸುತ್ತಿದ್ದಳೋ ಏನೋ. ಆಮೇಲೆ ಜನವರಿಯ ರಸೀದಿಯ ತಳಕ್ಕೆ ಪೆನ್ಸಿಲಿನ ತುದಿ ಇಟ್ಟು, ಮಾತ್ರೆ ಪಟ್ಟಿ ಓದುವಂತೆಯೇ ಗಟ್ಟಿಯಾಗಿ ಓದಿದಳು: ಪ್ರೆಸ್ಸಿನ ಹೆಸರು, ಫೋನ್ ನಂಬರು, ಒಂದು ಪುಸ್ತಕ, ಅರವತ್ತು ಹಾಳೆ, ಮುದ್ರಣ ಇದೇ ವರ್ಷದ ಜುಲೈ. ಅರ್ಜಿಯನ್ನು ಎಳೆದುಕೊಂಡು ತನ್ನ ಸಹಿಯಿದ್ದ ಹಾಳೆಯನ್ನು ನಾಲ್ಕಾಗಿ ಹರಿದಳು. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತಿರುಗಿಸಿದಳು. "ಈಗ ಹೇಳು," ಎಂದಳು, "ಬಾಡಿಗೆ ಎಷ್ಟು?"