ಮುಚ್ಚದೆ ಬಂದ ಗುಂಡಿ

ಗ್ಲೆನಿಸ್ ಬೇಲಿಯ ಬಳಿ ನಿಂತು ನೆವಿಲ್ ಅವರನ್ನು ಬೈಯುತ್ತಿದ್ದಾಗ ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

“ಅಗೆದಿದ್ದನ್ನ ಮುಚ್ಚೋಕೆ ಏನ್ರೀ ಕಷ್ಟ ನಿಮ್ಗೆ? ನನ್ನ ಕುದುರೆ ಕಾಲು ಮುರ್ಕೊಂಡು ಬಿದ್ದಿದೆ ಅಲ್ಲಿ!”

ನೆವಿಲ್‌ಗೆ ಎಪ್ಪತ್ತೊಂದು. ಬೆಂಡಿಗೊ ಪಟ್ಟಣದಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಚಿನ್ನ ಹುಡುಕುವ ಹವ್ಯಾಸ ಹತ್ತಿ ಎರಡು ತಿಂಗಳಾಗಿತ್ತಷ್ಟೆ. ಟೋಪಿಯನ್ನು ಕೈಯಲ್ಲಿ ಹಿಸುಕುತ್ತಾ, “ಮುಚ್ಚಿದ್ದೆ ಅನ್ಕೊಂಡಿದ್ದೆ ಕಣಮ್ಮ. ಮರ್ತಿರ್ಬೇಕು” ಎಂದರು.

ಅವರು ಮರೆತಿರಲಿಲ್ಲ. ಆ ಗುಂಡಿ ನನ್ನದು.

ಸಂಜೆ ದನದ ಡಾಕ್ಟರು ಬಂದು ಕುದುರೆ ಪರ್ಲ್‌ಗೆ ನೋವಿಲ್ಲದೆ ಸಾಯಿಸುವ ಕೊನೆಯ ಇಂಜೆಕ್ಷನ್ ಕೊಟ್ಟರು. ಆಗಲೂ ನಾನು ಸುಮ್ಮನಿದ್ದೆ.

ಚಿನ್ನ ಹುಡುಕುವವರ ನಮ್ಮ ಕ್ಲಬ್ಬಿನಲ್ಲಿ ಹೊಸಬರಿಗೆ ಜಾಗ ಹುಡುಕಿಕೊಡುವುದು, ಕಲಿಸುವುದು ನನ್ನ ಕೆಲಸ. ಸರ್ಕಾರಿ ಕಾಡನ್ನು ನಾಲ್ಕು ತಲೆಮಾರಿನವರು ಕೆದಕಿ ಮುಗಿಸಿದ್ದಾರೆ. ಅಲ್ಲಿ ಲೋಹ ಪತ್ತೆಹಚ್ಚುವ ಡಿಟೆಕ್ಟರ್ ಆಡಿಸಿದರೆ ಹೊಸಬರಿಗೆ ಸಿಗುವುದು ತುಕ್ಕು ಮೊಳೆ, ಹಳೇ ಗುಂಡಿನ ಸೀಸ, ಆಮೇಲೆ ಬೇಸರ. ಅದಕ್ಕೇ ಹೊಲದವರ ಬಾಗಿಲು ತಟ್ಟುತ್ತಾ ಹೋಗಿದ್ದೆ. ಹನ್ನೊಂದು ಮನೆಯವರು ಆಗುವುದಿಲ್ಲ ಅಂದರು. ಹನ್ನೆರಡನೆಯದು ಗ್ಲೆನಿಸ್‌ಳ ಮನೆ.

“ಚಿನ್ನ ಸಿಕ್ರೆ ಅರ್ಧ ನಂಗಾ?”

“ಅರ್ಧ ನಿಮ್ಗೆ.”

“ಮೊಳೆ ಸಿಕ್ರೆ?”

“ಪೂರ್ತಿ ನಿಮ್ಗೆ.”

ಅವಳ ಒಂದು ಹುಬ್ಬು ಮೇಲೆದ್ದಿತು. ನಗು ತಡೆಯಲು ಕೆಳತುಟಿ ಕಚ್ಚಿಕೊಂಡಳು, ಆದರೂ ಕಣ್ಣು ನಕ್ಕಿತು. ನಲವತ್ತೆಂಟರ ನನಗೆ ಹದಿನೆಂಟರ ಹುಚ್ಚು ಹಿಡಿದದ್ದು ಅವತ್ತೇ.

“ಒಂದೇ ಷರತ್ತು. ಪರ್ಲ್ ಇಲ್ಲೇ ಮೇಯ್ತಾಳೆ. ಒಂದು ಗುಂಡೀನೂ ಬಿಟ್ಟು ಹೋಗ್ಬಾರ್ದು.”

“ನಾನು ಕಲ್ಸೋ ಮೊದಲ್ನೇ ಪಾಠಾನೇ ಅದು” ಎಂದೆ, ಜಂಬದಿಂದ. ಹೇಳೋದು ಆಚಾರ, ಮಾಡೋದು ಅನಾಚಾರ.

ಕುದುರೆ ಬೀಳುವ ಮೊದಲಿನ ಭಾನುವಾರ ತೊರೆಯ ಪಕ್ಕ, ನೆವಿಲ್ ಹುಡುಕುತ್ತಿದ್ದ ಕಡೆಯೇ ನನಗೆ ಡಿಟೆಕ್ಟರಿನಲ್ಲೊಂದು ಒಳ್ಳೆಯ ಸದ್ದು ಸಿಕ್ಕಿತ್ತು. ಮೊಣಕಾಲುದ್ದ ಅಗೆದಿದ್ದೆ. ಅಷ್ಟರಲ್ಲಿ ಗ್ಲೆನಿಸ್ ಜಗಲಿಯಿಂದ ಕೂಗಿದಳು. “ಡೆಸ್, ಸ್ಕೋನ್ ಬನ್ನು ಬಿಸಿ ಇದೆ. ಬರ್ತೀಯೋ, ಮೊಳೆ ಜೊತೇಲೇ ಇರ್ತೀಯೋ?” ಮೊದಲ ಸಲ ‘ಬರ್ತೀಯೋ’ ಅಂದಿದ್ದಳು. ಪಿಕಾಸಿ ಬಿಸುಟು ಓಡಿದೆ. ಅವಳ ಮೊಣಕೈಗೆ ಮೆತ್ತಿದ್ದ ಹಿಟ್ಟು ನನಗಿನ್ನೂ ನೆನಪಿದೆ. ಗುಂಡಿ ಮಾತ್ರ ನೆನಪಾಗಲಿಲ್ಲ.

ಕುದುರೆ ಸತ್ತ ಮೇಲೆ ಅವಳು ಹೊಸಬರಿಗೆಲ್ಲ ಗೇಟು ಮುಚ್ಚಿದಳು. ನನಗೆ ಮುಚ್ಚಲಿಲ್ಲ. ನಾನು ದಿನಾ ಸಂಜೆ ಹೋಗಿ ಹೊಲವನ್ನೆಲ್ಲ ತಡಕಿ, ಅರೆಮುಚ್ಚಿದ ಕಡೆಯೆಲ್ಲ ಮಣ್ಣು ತುಂಬಿ ತುಳಿಯುತ್ತಿದ್ದೆ. ಮೂರು ವಾರ ಹೀಗೇ ನಡೆಯಿತು. ಬೇರೆಯವರ ತಪ್ಪಿಗೆ ನಾನು ಬೆವರು ಸುರಿಸುತ್ತಿದ್ದೇನೆ ಅಂದುಕೊಂಡಿದ್ದಳು ಅವಳು.

ಒಂದು ಸಂಜೆ ನನ್ನ ಪಕ್ಕ ಬೇಲಿಗೆ ಒರಗಿ ನಿಂತಳು. ಅವಳ ಕಿರುಬೆರಳು ನನ್ನ ಕಿರುಬೆರಳಿಗೆ ತಾಗಿತು. ಅವಳು ಎಳೆದುಕೊಳ್ಳಲಿಲ್ಲ.

“ನಂಗೆ ನೀನಂದ್ರೆ ಇಷ್ಟ ಡೆಸ್. ಯಾಕೆ ಗೊತ್ತಾ? ನೀನು ಕಳ್ಳಾಟ ಆಡೋನಲ್ಲ.”

ಎಷ್ಟು ದಿನದಿಂದ ಕಾದ ಮಾತು! ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

“ಆ ಗುಂಡಿ ನಾನು ಅಗೆದಿದ್ದು, ಗ್ಲೆನಿಸ್.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು.

“ಯಾಕೆ ಮುಚ್ಲಿಲ್ಲ?”

“ನೀನು ಕರೆದೆ...”

“ಓ! ತಪ್ಪು ನಂದು ಹಾಗಾದ್ರೆ?”

“ಅಲ್ಲ. ಕರೆದಿದ್ದು ನೀನು, ಮರೆತಿದ್ದು ನಾನು. ಆಮೇಲೆ ಸುಮ್ನಿದ್ದಿದ್ದೂ ನಾನೇ. ನೀನು ಮತ್ತೆ ನನ್ನನ್ನ ಅವತ್ತಿನ ಥರ ನೋಡಲ್ಲ ಅಂತ ಭಯ ಆಯ್ತು.”

“ಕುದುರೆ ಹೋಯ್ತು, ಅದು ಆಕಸ್ಮಿಕ. ಮೂರು ವಾರ ತಪ್ಪನ್ನ ಆ ಮನುಷ್ಯನ ತಲೆ ಮೇಲೆ ಹಾಕಿ ಕೂತಿದ್ದೆಯಲ್ಲ, ಅದೇನದು?” ಅವಳು ಗೇಟಿನ ಕಡೆ ಕೈ ತೋರಿಸಿದಳು. “ಹೋಗು. ಅವ್ರಿಗೆ ಹೇಳು ಮೊದ್ಲು.”

ಮರುದಿನ ಬೆಳಿಗ್ಗೆ ಬೆಂಡಿಗೊಗೆ ಹೋದೆ. ನೆವಿಲ್ ಮನೆ ಮುಂದೆ ಗ್ಲೆನಿಸ್‌ಳ ಟ್ರಕ್ಕು ಆಗಲೇ ನಿಂತಿತ್ತು. ಬೈದದ್ದಕ್ಕೆ ಕ್ಷಮೆ ಕೇಳಲು ಬಂದು, ವಿಷಯ ಹೇಳದೆ ನನಗಾಗಿ ಕಾಯುತ್ತಾ ಸೋಫಾದಲ್ಲಿ ಕೂತಿದ್ದಳು. ನಾನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ.

ನೆವಿಲ್ ಕುರ್ಚಿಯಿಂದ ಎದ್ದು ನನ್ನ ಹತ್ತಿರ ಬಂದರು.

“ಅಂದ್ರೆ... ನಾನು ಮುಚ್ಚಿದ್ದೆ?”

“ಮುಚ್ಚಿದ್ರಿ. ಎಲ್ಲಾನೂ.”

“ನನ್ ತಲೆ ಸರಿಯಾಗಿದೆಯಾ?”

ಆಗ ತಿಳಿಯಿತು. ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಯಿತೆಂದು ಮಗಳು ಹೆದರಿ ಕಾರಿನ ಕೀ ಇಸಿದುಕೊಂಡಿದ್ದಳಂತೆ. ಆಸ್ಪತ್ರೆಯಲ್ಲಿ ಪರೀಕ್ಷೆಗೆ ತಾರೀಖೂ ನಿಗದಿಯಾಗಿತ್ತಂತೆ. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಮೂರು ವಾರದಿಂದ ತನ್ನ ತಲೆಯನ್ನೇ ನಂಬದೆ ಮನೆಯಲ್ಲಿ ಕೂತಿದ್ದರು. ನೆವಿಲ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ನನಗಾದಷ್ಟು ನಾಚಿಕೆ ಯಾವ ವೈರಿಗೂ ಬೇಡ.

“ಮಗಳಿಗೂ ನೀನೇ ಹೇಳು” ಎಂದು ಫೋನು ನನ್ನ ಕೈಗಿಟ್ಟರು. ಹೇಳಿದೆ. ಆಕೆ ಅಂದದ್ದನ್ನೆಲ್ಲ ಕೇಳಿಸಿಕೊಂಡೆ.

ಅಂಗಳದಲ್ಲಿ ಗ್ಲೆನಿಸ್ ಟ್ರಕ್ಕಿನ ಬಾಗಿಲು ಹಿಡಿದು ನಿಂತಿದ್ದಳು.

“ಕ್ಷಮಿಸು ಅಂತ ಕೇಳಲ್ಲ” ಎಂದೆ.

“ಕೇಳ್ಬೇಡ. ಇನ್ನೂ ಆಗಲ್ಲ ನನ್ ಕೈಲಿ.”

“ನಿನ್ನೆ ಅಂದ್ಯಲ್ಲ, ಇಷ್ಟ ಅಂತ. ಅದು?”

ಅವಳು ಮುಖ ತಿರುಗಿಸಿದಳು. ಕಿವಿಯ ತುದಿ ಕೆಂಪಾಗಿತ್ತು, ಸಿಟ್ಟಿಗೋ ಏನೋ.

“ಅದು ಹೋಗಿದ್ರೆ ರಾತ್ರಿ ನಿದ್ದೆ ಬರ್ತಿತ್ತು ನಂಗೆ.”

ಟ್ರಕ್ಕು ಹತ್ತಿ ಕಿಟಕಿ ಇಳಿಸಿದಳು.

“ಭಾನುವಾರ ಹೊಸಬರನ್ನೆಲ್ಲ ಕರ್ಕೊಂಡು ಬಾ. ನೆವಿಲ್ ಕಾರಲ್ಲಿ ಬಾ. ಅವ್ರೇ ಓಡಿಸ್ಲಿ, ನೀನು ಹಿಂದಿನ ಸೀಟಲ್ಲಿ ಕೂತ್ಕೋ.”