ಪರದೆಯ ಮೇಲಿನ ಇವೋನ್

ನನ್ನ ಗಂಡ ಇವೋನ್ ಸಮುದ್ರದಲ್ಲಿ ಮುಳುಗಿ ಸತ್ತ. ಹೆಣ ಸಿಕ್ಕಿತ್ತು, ನಾನೇ ನಿಂತು ಮಣ್ಣು ಮಾಡಿಸಿದ್ದೆ. ಅದರ ಮರುವರ್ಷ ನಮ್ಮ ಲ ಹಾವ್ರ್ ಬಂದರಿಗೆ ಸಿನಿಮಾದವರು ಬಂದರು. ಪ್ರೀತಿಸಿದವಳಿಗಾಗಿ ಕೊಲೆ ಮಾಡಿ ಹಾಳಾಗುವ ನಾವಿಕನೊಬ್ಬನ ಕಪ್ಪು-ಬಿಳುಪು ಚಿತ್ರ. ಅದರ ಕುಣಿತದ ದೃಶ್ಯದಲ್ಲಿ, ಗುಂಪಿನ ನಡುವೆ, ನನ್ನ ತಂಗಿ ಕ್ಲೊತಿಲ್ದ್ ಕೂಡ ಇದ್ದಳು. ಚಿತ್ರ ಊರಿಗೆ ಬಂದಾಗ ಮಧ್ಯಾಹ್ನದ ಆಟಕ್ಕೆ ಅವಳೇ ನನ್ನನ್ನು ಕರೆದೊಯ್ದಳು.

ಆ ದೃಶ್ಯ ಬಂತು. ಕ್ಲೊತಿಲ್ದ್ ಒಬ್ಬ ಗಂಡಸಿನ ಎದೆಗೆ ತಲೆಯಿಟ್ಟು ಕುಣಿಯುತ್ತಿದ್ದಳು. ಅವನು ಇತ್ತ ತಿರುಗಿದ. ಇವೋನ್. ನಾನು ಹೆಣೆದ ಸ್ವೆಟರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಚಿತ್ರಮಂದಿರದೊಳಗೆ ಡಾಂಬರು, ಉಪ್ಪುನೀರಿನ ವಾಸನೆ ಎದ್ದಿತು. ನನ್ನ ಪಾದಗಳು ತಣ್ಣಗಾದವು.

“ಯಾರ ಜೊತೆ ಕುಣೀತಿದ್ದೀಯೇ?” ಎಂದೆ.

“ಯಾರೂ ಇರ್ಲಿಲ್ಲ ಕಣೇ. ಜೋಡಿ ಸಿಗ್ಲಿಲ್ಲ ಅಂತ ಒಬ್ಬಳೇ ಕುಣಿದೆ” ಎಂದವಳು ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, “ಅಕ್ಕಾ, ನಿನಗೂ ಕಾಣಿಸ್ತಾನಾ?” ಎಂದಳು.

“ಯಾವಾಗಿಂದ ಇದು?”

“ಅವನು ಬದುಕಿದ್ದಾಗಿಂದ.”

ನಾನು ಎದ್ದು ಬಂದೆ. ಮರುದಿನ ಒಬ್ಬಳೇ ಹೋಗಿ ಮತ್ತೆ ನೋಡಿದೆ. ಆ ದೃಶ್ಯದಲ್ಲಿ ಇವೋನ್ ಇರಲಿಲ್ಲ, ಕ್ಲೊತಿಲ್ದಳೂ ಇರಲಿಲ್ಲ. ನಡುವೆ ಇಬ್ಬರು ನಿಲ್ಲುವಷ್ಟು ಜಾಗ ಖಾಲಿಯಿತ್ತು. ಕುಣಿಯುವವರೆಲ್ಲ ಅದನ್ನು ತುಳಿಯದೆ ಸುತ್ತು ಹಾಕಿಕೊಂಡು ಹೋಗುತ್ತಿದ್ದರು.